ಊಟದ ಪೆಂಡಾಲಿನಲ್ಲಿ ಕೂಗಿದ ಓಟ

ನಾನು ಮಹಾ ಅಂಜುಬುರುಕಿ. ಇದನ್ನು ನಾಚಿಕೆಪಟ್ಟು ಹೇಳುತ್ತಿಲ್ಲ, ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಇರುವ ಗುಣ. ಕುಕ್ಕರ್ ಸೀಟಿ ಹೊಡೆದರೆ ನಮ್ಮವ್ವ "ಯೇಸಪ್ಪಾ" ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ. ಅಪ್ಪ ಭಾನುವಾರದ ಆರಾಧನೆಯಲ್ಲಿ ಚರ್ಚಿನ ಚಾವಣಿ ಹಾರಿಹೋಗುವಂತೆ ಹಾಡುತ್ತಾರೆ, ಆದರೆ ಹುಬ್ಬಳ್ಳಿಯ ಯಾವ ರಸ್ತೆ ದಾಟುವಾಗಲೂ ಈಗಲೂ ನನ್ನ ಕೈ ಹಿಡಿದುಕೊಳ್ಳುತ್ತಾರೆ. ನಾನು ಓಟಗಾರ್ತಿಯಾದದ್ದೂ ಹೆದರಿಕೆಯಿಂದಲೇ. ನಮ್ಮ ಓಣಿಯ ಮೂಲೆಯಲ್ಲಿ ನಾಯಿಗಳ ಒಂದು ಹಿಂಡು ಬಿದ್ದುಕೊಂಡಿರುತ್ತಿತ್ತು. ಶಾಲೆಗೆ ಹೋಗಬೇಕಾದರೆ ಅವುಗಳ ಮುಂದೆಯೇ ಹಾಯಬೇಕು. ದಿನಾ ಹಾಗೆ ಜೀವ ಕೈಯಲ್ಲಿ ಹಿಡಿದು ಓಡಿದರೆ ಯಾರ ಕಾಲಾದರೂ ಗಟ್ಟಿಯಾಗುತ್ತದೆ.

ಕಾಲೇಜಿಗೆ ಬಂದಾಗ ದೈಹಿಕ ಶಿಕ್ಷಣದ ಸರ್ ಮೊದಲ ದಿನವೇ ನನ್ನ ಓಟ ನೋಡಿ ನಕ್ಕರು. "ಹಿಂದ ಯಾರೋ ಹೊಡ್ಯಾಕ ಬಂದಂಗ ಓಡ್ತೀಯಲ್ಲವಾ! ಛಲೋ ಆತು, ಹಂಗ ಓಡು, ಬಿಡಬ್ಯಾಡ," ಎಂದು ನನ್ನನ್ನು ರಿಲೇ ತಂಡಕ್ಕೆ ಹಾಕಿದರು. ನಾಲ್ವರು ಹುಡುಗಿಯರು, ಒಬ್ಬೊಬ್ಬರಿಗೆ ಮೈದಾನದ ಒಂದು ಪೂರ್ತಿ ಸುತ್ತು, ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಒಂದು ಚಿಕ್ಕ ಕೋಲು. ಸರ್ ನಮ್ಮ ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. ಓಡುವ ಸರದಿಯೇ ನಮ್ಮ ಹೆಸರು. ಕ್ರಮೇಣ ನಾವೂ ಒಬ್ಬರನ್ನೊಬ್ಬರು ಹಾಗೆಯೇ ಕರೆಯತೊಡಗಿದೆವು.

ನಾನು ಎರಡನೆಯವಳು. ಒಂದನೆಯವಳಿಗೆ ಕಾಲಿನಷ್ಟೇ ಬಾಯಿಯೂ ಜೋರು, ಬಸ್ಸಿನ ಕಂಡಕ್ಟರ್ ಕೂಡ ಅವಳ ಹತ್ತಿರ ಚಿಲ್ಲರೆಗೆ ತಕರಾರು ತೆಗೆಯುತ್ತಿರಲಿಲ್ಲ. ಮೂರನೆಯವಳು ಹಳ್ಳಿಯೊಂದರಿಂದ ದಿನಾ ಹುಬ್ಬಳ್ಳಿಗೆ ಬರುತ್ತಿದ್ದ ಉದ್ದನೆಯ ಹುಡುಗಿ. ಮಾತು ಬಹಳ ಕಡಿಮೆ. ಸುಳ್ಳು ಹೇಳಲು ಬಾರದ್ದರಿಂದಲೇ ಅವಳು ಮಾತಾಡುವುದಿಲ್ಲ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ನಾಲ್ಕನೆಯವಳು ಹಳೇ ಹುಬ್ಬಳ್ಳಿಯ ಬೈಕ್ ಮೆಕ್ಯಾನಿಕ್ ಒಬ್ಬರ ಮಗಳು. ನಮ್ಮೆಲ್ಲರಿಗಿಂತ ವೇಗದವಳು ಅವಳೇ. ನಾವು ಮೂವರು ಮಾಡಿದ ತಪ್ಪನ್ನೆಲ್ಲ ಕೊನೆಯ ಸುತ್ತಿನಲ್ಲಿ ಸರಿಮಾಡುವುದು ಅವಳ ಕೆಲಸವಾಗಿತ್ತು.

ಅವಳದು ಕೊನೆಯ ವರ್ಷದ ಬಿ.ಎ. ಬಿ.ಪಿ.ಎಡ್. ಮಾಡಿ ಶಾಲೆಯಲ್ಲಿ ಆಟದ ಟೀಚರ್ ಆಗಬೇಕೆಂಬುದು ಅವಳ ಒಂದೇ ಆಸೆ. ಅಂಕ ನೋಡಿದರೆ ಸೀಟು ಸಿಗುವಂತಿರಲಿಲ್ಲ, ಕ್ರೀಡಾ ಕೋಟಾದಲ್ಲಿ ಸಿಗಬೇಕು. ಅದಕ್ಕೆ ರಾಜ್ಯ ಮಟ್ಟದ ಒಂದು ಪದಕ ಬೇಕು. ಚಿನ್ನವೋ ಕಂಚೋ, ಯಾವುದಾದರೂ ನಡೆಯುತ್ತಿತ್ತು. ಹಿಂದಿನ ವರ್ಷ ನಾವು ಸ್ವಲ್ಪದರಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಿದ್ದಿದ್ದೆವು. ಈ ಸಲ ತಪ್ಪಿದರೆ ಅವಳಿಗೆ ಇನ್ನೊಂದು ಸಲ ಇರಲಿಲ್ಲ. "ಒಂದ್ ಪದಕಾ ಅಷ್ಟ ಕೊಡಸ್ರೆ ನನಗ, ಮುಂದಿಂದು ನಾ ನೋಡ್ಕೋತೇನಿ," ಎಂದು ನಗುನಗುತ್ತಲೇ ನಮಗೆ ಕೈಮುಗಿಯುತ್ತಿದ್ದಳು. ನನ್ನ ಕೈಯಿಂದ ಕೋಲು ಜಾರಿ ಬಿದ್ದರೆ ಇವಳ ಗತಿಯೇನು ಎಂದು ಬಾತ್‌ರೂಮಿನಲ್ಲಿ ಸಹ ಸಾಬೂನು ಬಿಗಿಯಾಗಿ ಹಿಡಿದು ಅಭ್ಯಾಸ ಮಾಡುತ್ತಿದ್ದೆ.

ಆ ವರ್ಷದ ರಾಜ್ಯ ಮಟ್ಟದ ಕೂಟ ಧಾರವಾಡದಲ್ಲಿ ನಿಕ್ಕಿಯಾಯಿತು. ಬಿಸಿಲಿನ ದಿನಗಳು, ಜೊತೆಗೆ ರಮ್ಜಾನ್ ತಿಂಗಳು. ಅವಳು ಒಂದು ರೋಜಾ ಬಿಡುವವಳಲ್ಲ. ಬೆಳಗಿನ ಅಭ್ಯಾಸಕ್ಕೆ ಉಪವಾಸವಿದ್ದುಕೊಂಡೇ ಬರುತ್ತಿದ್ದಳು. ನಮಗೆ ಅವಳ ಎದುರು ನೀರು ಕುಡಿಯಲು ಹೇಗೋ ಅನಿಸುತ್ತಿತ್ತು. ಮೊದಲ ದಿನ ಒಂದನೆಯವಳು ಬಾಟಲಿ ಬಾಯಿಗಿಟ್ಟವಳು ಹಾಗೇ ಕೆಳಗಿಟ್ಟಳು. ಮರುದಿನದಿಂದ ನಾವು ಮೂವರೂ ಗೋಡೆಯ ಹಿಂದೆ ಹೋಗಿ ಕದ್ದು ಕುಡಿಯುವ ರೂಢಿ ಮಾಡಿಕೊಂಡೆವು. ಹೀಗೆ ಮಾಡೋಣ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ತಾನಾಗಿಯೇ ಆಯಿತು. ಅದು ಅವಳಿಗೆ ಗೊತ್ತಾದರೆ ಬೈಯುತ್ತಾಳೆ ಎಂಬುದಷ್ಟು ಗೊತ್ತಿತ್ತು. ಯಾಕೆಂದರೆ ಅವಳಿಗೆ ಯಾರಾದರೂ ಪಾಪ ಎಂದರೆ ಮೈಯೆಲ್ಲ ಉರಿಯುತ್ತಿತ್ತು.

ಕೂಟದ ದಿನ ಸರ್ ಅವಳನ್ನು ಪಕ್ಕಕ್ಕೆ ಕರೆದು, "ಇವತ್ತೊಂದಿನ ಬಿಡಾಕ ಬರೂದಿಲ್ಲೇನವಾ? ಹಿಂದಿಂದ ತೀರಿಸಿದ್ರ ನಡೀತೈತಂತಲ್ಲ," ಎಂದರು.

"ನಮ್ಮ ಅಮ್ಮೀನೂ ಹಂಗ ಅಂದ್ಲರಿ ಸರ್. ನಂಗ ಬ್ಯಾಡರಿ. ರೋಜಾ ಇದ್ರ ಕಾಲು ಹಗುರಾಗಿರ್ತಾವ," ಎಂದಳು.

ಸರ್ ಒಪ್ಪಿಕೊಂಡರು. ನನಗೆ ಮಾತ್ರ ಜೀವದಲ್ಲಿ ಜೀವವಿರಲಿಲ್ಲ. ಬೆಳಿಗ್ಗೆ ಹೀಟ್ಸ್, ಅಂದರೆ ಫೈನಲ್‌ಗೆ ತಂಡ ಆರಿಸುವ ಓಟ, ಓಡುವಾಗ ನನ್ನ ಸುತ್ತು ಮುಗಿಸಿ ನೆಲಕ್ಕೆ ಬಿದ್ದು ಏದುಸಿರು ಬಿಡುತ್ತ ಅವಳನ್ನೇ ನೋಡುತ್ತಿದ್ದೆ. ಈಗ ತೂರಾಡುತ್ತಾಳೆ, ಈಗ ಬೀಳುತ್ತಾಳೆ ಎಂದು ಕಣ್ಣು ಮುಚ್ಚಿ ಕಣ್ಣು ತೆರೆದು ಪ್ರಾರ್ಥನೆ ಮಾಡಿದೆ. ಅವಳು ಬೀಳಲಿಲ್ಲ. ಎಲ್ಲರಿಗಿಂತ ಎಷ್ಟೋ ಮುಂದೆ ಬಂದು ಗೆರೆ ದಾಟಿದಳು. ಎರಡು ಹೀಟ್ಸ್ ಮುಗಿದಾಗ ನಮ್ಮ ತಂಡ ತೆಗೆದುಕೊಂಡ ಹೊತ್ತೇ ಎಲ್ಲಕ್ಕೂ ಕಡಿಮೆ. ಸರ್ ಮುಖದಲ್ಲಿ ನಗು ನಿಲ್ಲದಾಯಿತು. ಫೈನಲ್ ಸಂಜೆಗೆ, ಎಲ್ಲಕ್ಕೂ ಕೊನೆಯ ಓಟ ಅದೇ ಎಂದು ಬೆಳಿಗ್ಗೆಯೇ ಎಲ್ಲ ತಂಡಗಳಿಗೂ ಹೇಳಿದ್ದರು.

ಆಮೇಲೆ ನಮ್ಮ ಕಾಲೇಜಿನದೇ ಇನ್ನೊಬ್ಬ ಹುಡುಗಿ ಉದ್ದ ಜಿಗಿತದಲ್ಲಿ ಕಾಲು ಹೊರಳಿಸಿಕೊಂಡಳು. ಪಾದ ನೋಡುನೋಡುತ್ತ ಊದಿಕೊಂಡಿತು. ಸರ್ ಅವಳನ್ನು ನಾವು ಬಂದಿದ್ದ ಬಾಡಿಗೆ ಕ್ರೂಸರ್‌ನಲ್ಲಿ ಹಾಕಿಕೊಂಡು ಸತ್ತೂರಿನ ಆಸ್ಪತ್ರೆಗೆ ಹೊರಟರು. ಹೋಗುವಾಗ ನಮಗೆ ಕೂಗಿ ಹೇಳಿದರು: "ನೀವು ನಾಲ್ಕೂ ಮಂದಿ ಬಿಸಲಾಗ ಅಡ್ಡಾಡಬ್ಯಾಡ್ರಿ. ನೆಳ್ಳಾಗ ಬೀಳ್ರಿ. ನಿಮ್ಮ ಓಟ ಸಂಜೀಕ. ನಾ ಅಷ್ಟೊತ್ತಿಗೆ ಬಂದಿರ್ತೇನಿ."

ನಮ್ಮ ಮೊಬೈಲ್‌ಗಳು ಅದೇ ಗಾಡಿಯಲ್ಲಿ ಹೋದವು. ಕೂಟದ ದಿನ ಸರ್ ಎಲ್ಲರ ಮೊಬೈಲ್ ಇಸಿದುಕೊಂಡು ಒಂದು ಬಟ್ಟೆಚೀಲದಲ್ಲಿ ಹಾಕಿಟ್ಟುಕೊಳ್ಳುತ್ತಿದ್ದರು. ರೀಲ್ಸ್ ನೋಡಿದರೆ ಕಣ್ಣಿನ ಮೂಲಕ ಕಾಲಿನ ಶಕ್ತಿ ಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಚೀಲ ಗಾಡಿಯಲ್ಲಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಮೈದಾನದ ಈಚೆ ತುದಿಯಲ್ಲಿ ಬಟ್ಟೆ ಬದಲಿಸುವ ಹಳೆಯ ಕಟ್ಟಡವೊಂದಿತ್ತು. ಅದರ ಹಿಂದೆ ಒಂದು ಬೇವಿನ ಮರ. ಊಟದ ಪೆಂಡಾಲು ಆಚೆ ತುದಿಯಲ್ಲಿ, ಅಡುಗೆಯ ವಾಸನೆ ಇಷ್ಟು ದೂರ ಬರುತ್ತಿರಲಿಲ್ಲ. ಅದಕ್ಕೇ ಆ ಜಾಗ ಆರಿಸಿಕೊಂಡೆವು. ನಾಲ್ಕನೆಯವಳು ದುಪಟ್ಟಾ ಮುಖದ ಮೇಲೆ ಎಳೆದುಕೊಂಡು ಮಲಗಿದಳು. "ಊಟಕ್ಕ ಹೋಗಿ ಬರ್ರೆ ನೀವು. ಓಡೂದೈತಿ, ಹೊಟ್ಟಿ ಖಾಲಿ ಇಟಗೋಬ್ಯಾಡ್ರಿ," ಎಂದವಳೇ ನಿದ್ದೆ ಹೋದಳು.

ನಾವು ಹೋಗಲಿಲ್ಲ. ಒಂದನೆಯವಳು ನನ್ನ ಮುಖ ನೋಡಿದಳು, ನಾನು ಮೂರನೆಯವಳ ಮುಖ ನೋಡಿದೆ. ಯಾರೂ ಏಳಲಿಲ್ಲ. ಉಪವಾಸವಿದ್ದವಳು ಕೊನೆಯ ಸುತ್ತು ಓಡುವಾಗ ನಾವು ಅನ್ನ ಸಾರು ಜಾಮೂನು ಉಂಡು ಬಂದು ನಿಲ್ಲುವುದು ಹೇಗೆ? ಅದೂ ಅಲ್ಲದೆ ನನಗಂತೂ ಓಟದ ದಿನ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಬ್ಯಾಗಿನಲ್ಲಿದ್ದ ಬಾಳೆಹಣ್ಣನ್ನು ಮೂವರೂ ಬೆನ್ನು ತಿರುಗಿಸಿಕೊಂಡು ಕಳ್ಳರ ಹಾಗೆ ತಿಂದೆವು. ಸ್ವಲ್ಪ ಹೊತ್ತಿನ ಮೇಲೆ ಅವಳು ಮಗ್ಗಲು ಬದಲಿಸಿ, ದುಪಟ್ಟಾದೊಳಗಿಂದಲೇ, "ಉಂಡ್ ಬಂದ್ರೇನ?" ಎಂದಳು.

"ಹೂಂ," ಎಂದಳು ಒಂದನೆಯವಳು.

"ಏನರೆ ಹೇಳಿದ್ರೇನ ಅಲ್ಲೆ?"

"ಏನಿಲ್ಲ. ಮಕ್ಕೋ ನೀ."

ಅವಳು ಮತ್ತೆ ನಿದ್ದೆ ಹೋದಳು. ಮೂರನೆಯವಳು ಹುಲ್ಲಿನ ಎಸಳೊಂದನ್ನು ಸಣ್ಣಸಣ್ಣಗೆ ಹರಿಯುತ್ತ ಕೂತಳು. ನನಗೆ ಆ 'ಏನಿಲ್ಲ' ಸರಿಬರಲಿಲ್ಲ. ಆದರೆ ನನಗೆ ಸರಿಬಾರದ್ದು ದಿನಕ್ಕೆ ಎಷ್ಟೋ ಇರುತ್ತಿದ್ದವು. ಎಲ್ಲದಕ್ಕೂ ಹೆದರುವವಳ ಹೆದರಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವಳೂ ಹಿಡಿಯುವುದಿಲ್ಲ. ನಾನು ಮರಕ್ಕೆ ಒರಗಿ, ಅವಳ ದುಪಟ್ಟಾ ಉಸಿರಿಗೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ಕಾಯುವ ಕೆಲಸಕ್ಕೆ ಕೂತೆ.

ಪಿಸ್ತೂಲಿನ ಸದ್ದು ಕೇಳಿಸಿತು.

"ಊಟದ ಹೊತ್ನ್ಯಾಗ ಯಾವ ಓಟಪಾ ಇದು," ಎಂದಳು ಒಂದನೆಯವಳು ಆಕಳಿಸುತ್ತ. "ಗಂಡು ಹುಡುಗೂರ್ದು ಇರಬೇಕು ಬಿಡು."

ಇರಬೇಕು ಎಂದುಕೊಂಡು ನಾನೂ ಸುಮ್ಮನೆ ಕೂತೆ. ಆದರೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿಲ್ಲ. ಎದ್ದು ಕಟ್ಟಡದ ಮೂಲೆಯವರೆಗೆ ಹೋಗಿ ಇಣುಕಿದೆ. ದೂರದಲ್ಲಿ, ಬಿಸಿಲಿನ ಝಳದಲ್ಲಿ, ಯಾರೋ ಓಡುತ್ತಿದ್ದರು. ಮೊದಲು ಕಂಡದ್ದು ಜಡೆ. ಹುಡುಗಿಯರು. ಆಮೇಲೆ ಮುಂದಿನವಳ ಕೈಯಲ್ಲಿ ಏನೋ ಮಿಂಚಿತು. ಕೋಲು.

ಕೂಗಬೇಕೆಂದರೆ ದನಿ ಹೊರಡಲೊಲ್ಲದು. ಕನಸಿನಲ್ಲಿ ಹೀಗಾಗುವುದುಂಟು, ನಾಯಿ ಬೆನ್ನಟ್ಟಿದಾಗ ಕಾಲು ಕೀಳಲು ಬಾರದೆ ನಿಂತಲ್ಲೇ ನಿಲ್ಲುವುದು. ಇದು ಕನಸಿರಲಿ ಎಂದು ಬೇಡಿಕೊಂಡೆ. ನನ್ನ ಮುಖ ನೋಡಿ ಮೂರನೆಯವಳು ಓಡಿ ಬಂದಳು, ಇಣುಕಿದಳು, ಮತ್ತು ಆ ದಿನ ಮೊದಲ ಸಲ ಬಾಯಿಬಿಟ್ಟಳು.

"ನಮ್ಮ ಓಟ ಅದು."

ನಾಲ್ಕನೆಯವಳನ್ನು ಎಬ್ಬಿಸಿದ್ದು ಯಾರು ಎಂದು ನೆನಪಿಲ್ಲ. ನಾಲ್ವರೂ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮೈದಾನದ ನಡುವೆಯೇ ಓಡಿದೆವು. ಕಾದ ಮಣ್ಣು, ಮುಳ್ಳು, ಯಾರೋ ಕೂಗಿದ ಬೈಗುಳ, ಯಾವುದೂ ತಾಗಲಿಲ್ಲ. ಆ ದಿನದಷ್ಟು ಜೋರಾಗಿ ನಾವು ಯಾವ ಸ್ಪರ್ಧೆಯಲ್ಲೂ ಓಡಿರಲಿಕ್ಕಿಲ್ಲ. ಒಂದನೆಯವಳು ಓಡುತ್ತಲೇ, "ನಿಲ್ಲಸ್ರೀ! ಓಟ ನಿಲ್ಲಸ್ರೀ! ನಾವು ಬಂದಿಲ್ಲರೀ!" ಎಂದು ಚೀರುತ್ತಿದ್ದಳು. ಯಾರೂ ನಿಲ್ಲಿಸಲಿಲ್ಲ. ಓಟ ಶುರುವಾದ ಮೇಲೆ ಯಾರು ನಿಲ್ಲಿಸುತ್ತಾರೆ?

ಗೆರೆಯ ಹತ್ತಿರ ಬಂದಾಗ ಮೂರನೆಯ ಸುತ್ತು ನಡೆದಿತ್ತು. ಕೊನೆಯ ಸುತ್ತಿನ ಹುಡುಗಿಯರು ಕೈ ಹಿಂದೆ ಚಾಚಿ ಸಾಲಾಗಿ ನಿಂತಿದ್ದರು. ನಾಲ್ಕನೆಯವಳು ಯಾರ ಹತ್ತಿರವೂ ಮಾತಾಡಲಿಲ್ಲ. ನೇರವಾಗಿ ಹೋಗಿ ಆ ಸಾಲಿನಲ್ಲಿ ನಿಂತಳು. ಬೂಟು ಹಾಕಿರಲಿಲ್ಲ, ಬೆನ್ನಿಗೆ ನಂಬರು ಇತ್ತು, ಕೈ ಹಿಂದೆ ಚಾಚಿದ್ದಳು. ಅವಳಿಗೆ ಕೋಲು ತರುವವರು ಯಾರೂ ಇರಲಿಲ್ಲ. ಬಿಳಿ ಟೋಪಿಯ ಅಧಿಕಾರಿಯೊಬ್ಬರು ಬಂದು ಅವಳ ತೋಳು ಹಿಡಿದು, "ಹೊರಗ ಬಾರವಾ, ಹೊರಗ ಬಾ, ಉಳದವ್ರಿಗೆ ಅಡ್ಡಾಗ್ತೀ," ಎಂದು ಎಳೆದರು. ಅವಳು ಬಂದಳು. ನಾನು ಅವಳ ಮುಖ ನೋಡಲು ಹೆದರಿ ಅವಳ ಪಾದ ನೋಡಿದೆ. ಮುಳ್ಳು ಚುಚ್ಚಿ ರಕ್ತ ಬಂದಿತ್ತು.

ಆಮೇಲೆ ತಿಳಿದದ್ದು ಇಷ್ಟು. ಮುಖ್ಯ ಅತಿಥಿಗಳಿಗೆ ಬೇರೆ ಊರಿನಲ್ಲಿ ಇನ್ನೊಂದು ಕಾರ್ಯಕ್ರಮ. ಬೇಗ ಹೋಗಬೇಕು. ರಿಲೇ ನೋಡದೆ, ಪದಕ ತೊಡಿಸದೆ ಅವರನ್ನು ಕಳಿಸುವುದು ಸಂಘಟಕರಿಗೆ ಇಷ್ಟವಿರಲಿಲ್ಲ. ಸಂಜೆಯ ಓಟವನ್ನು ಊಟದ ಬೆನ್ನಿಗೇ ತಂದರು. ಅತಿಥಿಗಳ ಭಾಷಣಕ್ಕೆಂದು ಮೈದಾನದ ಮೈಕನ್ನು ಪೆಂಡಾಲಿಗೆ ಒಯ್ದಿದ್ದರಿಂದ ಬದಲಾವಣೆಯನ್ನು ಅಲ್ಲಿಯೇ ಕೂಗಿದರು, ಅದು ನಮ್ಮ ಬೇವಿನ ಮರದವರೆಗೆ ಕೇಳಿಸಲಿಲ್ಲ. ನಮ್ಮ ಕಡೆಯ ಕೂಟಗಳಲ್ಲಿ ಇದು ಮೊದಲಿನಿಂದ ನಡೆದು ಬಂದದ್ದೇ. ಏನೇ ಹೇಳುವುದಿದ್ದರೂ ಊಟದ ಸಾಲಿನಲ್ಲಿ ಹೇಳುತ್ತಾರೆ, ಮಂದಿ ಎಲ್ಲಿ ತಪ್ಪಿಸಿಕೊಂಡರೂ ಅಲ್ಲಿ ತಪ್ಪಿಸಿಕೊಳ್ಳುವುದಿಲ್ಲ ಎಂಬ ಭರವಸೆಯ ಮೇಲೆ. ತಂಡಗಳ ಸರ್‌ಗಳಿಗೆ ವಾಟ್ಸಾಪ್‌ನಲ್ಲಿಯೂ ಹಾಕಿದ್ದರಂತೆ. ನಮ್ಮ ಸರ್ ಆಗ ಎಕ್ಸ್‌ರೇ ಕೋಣೆಯ ಹೊರಗೆ, ಆಸ್ಪತ್ರೆಯೆಂದು ಫೋನಿನ ಸದ್ದು ನಿಲ್ಲಿಸಿ ಕೂತಿದ್ದರು.

"ಮತ್ ಮತ್ ಕೂಗಿ ಹೇಳೇವಿ ಪೆಂಡಾಲಿನ್ಯಾಗ," ಎಂದರು ಬಿಳಿ ಟೋಪಿಯವರು. "ಎಲ್ಲಾ ಟೀಮಿನವ್ರೂ ಊಟಕ್ಕ ಕುಂತಿದ್ರು. ನೀವಷ್ಟ ಎಲ್ಲೆ ಹೋಗಿದ್ರಿ?"

ಸುತ್ತ ಮಂದಿ ಸೇರಿದ್ದರು. ನಾಲ್ಕಾರು ಮೊಬೈಲ್‌ಗಳು ಮೇಲೆದ್ದಿದ್ದವು, ಯಾವುದೋ ಜಗಳ ಸಿಕ್ಕಿತೆಂಬ ಹುರುಪಿನಲ್ಲಿ. ನಿಜ ಹೇಳಿದರೆ ಏನಾಗುತ್ತದೆ ಎಂದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಒಬ್ಬಳ ರೋಜಾದಿಂದ ಒಂದು ತಂಡದ ಪದಕ ಹೋಯಿತು ಎಂದು ಸಂಜೆಯೊಳಗೆ ಊರೂರು ತಿರುಗುತ್ತದೆ. ಈಗಿನ ದಿನಗಳಲ್ಲಿ ಯಾವ ಮಾತಿಗೆ ಯಾರು ಬಾಲ ಅಂಟಿಸುತ್ತಾರೆ ಎಂದು ಹೇಳಲಾಗುವುದಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಅವಳ ಅಪ್ಪನ ಗ್ಯಾರೇಜು ರಸ್ತೆಯ ಮೇಲೆಯೇ ಇದೆ. ಓಡುವ ಹೆದರಿಕೆ, ಬೀಳುವ ಹೆದರಿಕೆ, ನಾಯಿಯ ಹೆದರಿಕೆ ಎಲ್ಲ ನನಗೆ ಗೊತ್ತಿದ್ದವು. ಇದು ಬೇರೆಯೇ ಹೆದರಿಕೆ.

"ನಿದ್ದಿ ಹತ್ತಿತ್ತರಿ," ಎಂದಳು ಒಂದನೆಯವಳು. ಕಂಡಕ್ಟರ್‌ಗೂ ಹೆದರದವಳ ದನಿ ನಡುಗುತ್ತಿತ್ತು.

"ನಾಕೂ ಮಂದೀಗೂ?"

"ಹೌದ್ರಿ," ಎಂದೆ ನಾನು. ಮೂರನೆಯವಳು ನೆಲ ನೋಡಿದಳು. ನಾಲ್ಕನೆಯವಳು ನಮ್ಮಿಬ್ಬರ ಮುಖವನ್ನು ಒಮ್ಮೆ ನೋಡಿದಳು. ನಾವು ಉಂಡು ಬಂದಿದ್ದೇವೆ ಎಂದು ಅವಳು ನಂಬಿದ್ದಳು. ಉಂಡು ಬಂದವರಿಗೆ ಕೂಗಿದ್ದು ಕೇಳದೇ ಇದ್ದದ್ದು ಹೇಗೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಅಲ್ಲಿ ಕೇಳಲೂ ಇಲ್ಲ.

ಸರ್ ಬಂದರು. ಫೋನು ನೋಡಿದವರೇ ಗಾಡಿ ಹಾರಿಸಿಕೊಂಡು ಬಂದಿದ್ದರು. ಬಿಳಿ ಟೋಪಿಯವರ ಮೇಲೆ, ಮೇಜಿನ ಹಿಂದಿದ್ದವರ ಮೇಲೆ, ಮೈಕಿನ ಮೇಲೆ ಕೂಡ ಹರಿಹಾಯ್ದರು. "ಬೆಳಿಗ್ಗಿ ಒಂದ್ ಹೇಳೂದು, ಮಧ್ಯಾಹ್ನ ಒಂದ್ ಮಾಡೂದು, ಇದೇನು ಹುಡುಗಾಟ ಏನ್ರಿ? ಮತ್ತೊಮ್ಮೆ ಓಡಸ್ರಿ!" ಸಂಘಟಕರು ಗಂಟಲು ಸರಿಮಾಡಿಕೊಂಡರು, ಒಬ್ಬರನ್ನೊಬ್ಬರು ನೋಡಿಕೊಂಡರು. ತಪ್ಪಾಗಿದೆ ಎಂದು ಒಪ್ಪಿಕೊಂಡರು ಕೂಡ. ಆದರೆ ಉಳಿದ ತಂಡಗಳೆಲ್ಲ ಬಂದಿದ್ದವು, ಓಟ ಮುಗಿದಿತ್ತು, ಅತಿಥಿಗಳು ಪದಕ ತೊಡಿಸಿ ಕಾರು ಹತ್ತಿಯೂ ಆಗಿತ್ತು. ಗೆದ್ದವರ ಹೊತ್ತು ಬೆಳಗಿನ ನಮ್ಮ ಹೊತ್ತಿಗಿಂತ ಹೆಚ್ಚಿತ್ತು. ಅದನ್ನು ಮೈಕಿನಲ್ಲಿ ಓದಿದಾಗ ಒಂದನೆಯವಳು ಕಿವಿ ಮುಚ್ಚಿಕೊಂಡಳು.

ಹುಬ್ಬಳ್ಳಿಗೆ ಮರಳುವಾಗ ಗಾಡಿಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಹುಡುಗಿ ಗುಳಿಗೆಯ ಮಂಪರಿನಲ್ಲಿದ್ದಳು. ಸಂಜೆಯಾಗುತ್ತಿತ್ತು. ನಾನು ಕಿಟಕಿಗೆ ಹಣೆ ಹಚ್ಚಿ ಒಂದೇ ಪ್ರಾರ್ಥನೆ ಮಾಡುತ್ತಿದ್ದೆ, ಈಗ ಯಾರೂ ಏನೂ ಕೇಳದಿರಲಿ, ಮನೆ ಮುಟ್ಟುವ ತನಕ ಎಲ್ಲರೂ ಸುಮ್ಮನಿರಲಿ ಎಂದು. ನವಲೂರು ದಾಟಿದ ಮೇಲೆ ಮುಂದಿನ ಸೀಟಿನಿಂದ ಸರ್ ತಿರುಗಿದರು. ಅವರ ಸಿಟ್ಟೆಲ್ಲ ಇಳಿದು ಹೋಗಿತ್ತು, ದನಿ ಮೆತ್ತಗಿತ್ತು.

"ಖರೇ ಹೇಳ್ರಿ ನನ್ನ ಮುಂದ. ನಾನೇನು ಬೈಯೂದಿಲ್ಲ. ಊಟಕ್ಕ ಯಾಕ ಹೋಗಲಿಲ್ಲ?"

ಒಂದನೆಯವಳು ನನ್ನ ಕೈ ಚಿವುಟಿದಳು. ನಮ್ಮಿಬ್ಬರ ಬಾಯಿಯಿಂದ ಏನಾದರೂ ಬರುವ ಮೊದಲೇ ಮೂರನೆಯವಳು ಹೇಳಿಬಿಟ್ಟಳು.

"ಆಕಿ ಉಪಾಸ ಇದ್ಲಲ್ರಿ ಸರ್. ಆಕೀನ್ನ ಬಿಟ್ಟು ಉಣ್ಣಾಕ ಮನಸಾಗಲಿಲ್ರಿ. ಉಂಡೇವಿ ಅಂತ ಆಕೀಗೆ ಸುಳ್ಳು ಹೇಳಿದ್ವಿ."

ನಾನು ನಾಲ್ಕನೆಯವಳ ಕಡೆ ನೋಡಲಿಲ್ಲ, ನೋಡುವ ಧೈರ್ಯ ನನಗೆಲ್ಲಿಂದ ಬರಬೇಕು? ಅವಳು ಅಳುತ್ತಾಳೆ ಎಂದುಕೊಂಡೆ. ನಮ್ಮನ್ನು ತಬ್ಬಿಕೊಳ್ಳುತ್ತಾಳೆ ಎಂದು ಸಹ ಮನಸ್ಸಿನ ಯಾವುದೋ ಮೂಲೆ ಆಸೆಪಟ್ಟಿತು. ಅವಳಿಗಾಗಿ ಹಸಿದುಕೊಂಡಿದ್ದೆವಲ್ಲ.

"ನಾ ಹೇಳಿದ್ನೇನ?" ಎಂದಳು ಅವಳು. ದನಿ ಬಹಳ ಸಣ್ಣದಿತ್ತು. "ನಾ ಹೇಳಿದ್ನೇನ ನಿಮಗ ಹಸದಿರ್ರಿ ಅಂತ? ಹೋಗ್ರಿ ಅಂದೆ. ಹೋಗಿ ಬಂದ್ವಿ ಅಂದ್ರಿ. ನಂಬಿ ಮಕ್ಕೊಂಡೆ. ರೋಜಾ ನಂದು. ಓಟ ನಂದು. ನಿಮಗ ಯಾರು ಹೇಳಿದ್ರು ನನ್ನ ಸಲುವಾಗಿ ಇಷ್ಟೆಲ್ಲಾ ಮಾಡ್ರಿ ಅಂತ?" ಆಮೇಲೆ ಅಂದಳು, "ನೀವು ಉಂಡಿದ್ರ ನಾ ಓಡ್ತಿದ್ದೆ."

ಇಷ್ಟು ವರ್ಷಗಳಲ್ಲಿ ನನಗೆ ಯಾರೂ ಇದಕ್ಕಿಂತ ಕಠಿಣ ಮಾತು ಹೇಳಿಲ್ಲ. ಹೇಳಿದ್ದು ಪೂರ್ತಿ ಸರಿಯಾಗಿತ್ತು, ಅದೇ ಕಷ್ಟ. ಉಣಕಲ್ ಕೆರೆಯ ಹತ್ತಿರ ಬಂದಾಗ ಹೊತ್ತು ಮುಳುಗಿತು. ಸರ್ ಗಾಡಿ ನಿಲ್ಲಿಸಿದರು. ಅವಳು ಬ್ಯಾಗಿನಿಂದ ಖರ್ಜೂರ ತೆಗೆದು, ಕಿಟಕಿಯ ಕಡೆ ತಿರುಗಿ ತಿಂದು, ನೀರು ಕುಡಿದಳು. ಬೇರೆ ದಿನವಾದರೆ ಮೊದಲು ನಮ್ಮ ಕೈಗೆ ಒಂದೊಂದು ಖರ್ಜೂರ ಇಡುತ್ತಿದ್ದಳು. ಆ ದಿನ ಇಡಲಿಲ್ಲ. ನಮ್ಮ ಮೂವರ ಹೊಟ್ಟೆ ಗುರ್ ಎನ್ನುತ್ತಿದ್ದುದು ಗಾಡಿಯಲ್ಲೆಲ್ಲ ಕೇಳುತ್ತಿತ್ತು. ನನಗೆ ನಾಚಿಕೆಯಾಯಿತು, ಹೊಟ್ಟೆಯ ಮೇಲೆ ಬ್ಯಾಗು ಒತ್ತಿ ಹಿಡಿದೆ.

ಮುಂದೆ ಅವಳು ಅಭ್ಯಾಸಕ್ಕೆ ಬರಲಿಲ್ಲ. ಫೋನು ಎತ್ತಲಿಲ್ಲ. ನನ್ನ ತಲೆಯಲ್ಲಿ ಏನೇನೋ ಬಂದು ಹೋದವು. ಪೇಪರಿನಲ್ಲಿ ಹುಡುಗಿಯರ ಬಗ್ಗೆ ಬರುವ ಕೆಟ್ಟ ಸುದ್ದಿಗಳೆಲ್ಲ ನೆನಪಾಗಿ ಮೈ ಬೆವರುತ್ತಿತ್ತು. ಕೊನೆಗೆ ಹೆದರಿಕೆ ತಡೆಯಲಾರದೆ ಅವಳ ಅಪ್ಪನ ಗ್ಯಾರೇಜಿನ ಮುಂದೆ ಹೋಗಿ ನಿಂತೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅವರೇ ನೋಡಿದರು. ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಳ್ಳುತ್ತ ಬಂದರು.

"ಬಾರವಾ, ಯಾಕ ಅಲ್ಲೆ ನಿಂತೀ?"

"ಆಕಿ ಹೆಂಗದಾಳ್ರಿ ಕಾಕಾ?"

"ಅದಾಳ. ಅಳವಲ್ಲಳು. ಅತ್ತಿದ್ರ ಛಲೋ ಇತ್ತು." ಅವರು ಒಂದು ಸ್ಟೂಲು ಎಳೆದು ಕೊಟ್ಟರು. "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲವಾ. ನಮ್ಮ ಗ್ಯಾರೇಜಿನ ಹಿಂದೂ ಹುಡುಗೂರೂ ಈ ತಿಂಗಳಾಗ ನನ್ನ ಮುಂದ ಚಾ ಕುಡಿಯೂದಿಲ್ಲ, ಆಚೆ ಹೋಗಿ ಕುಡದ್ ಬರ್ತಾರ. ನಿಮ್ಮ ಜಾಗಾದಾಗ ನಾ ಇದ್ರೂ ಉಣ್ತಿರಲಿಲ್ಲ. ಆದ್ರ ಹೋಗಿದ್ದು ಆಕೀದು ನೋಡು. ಅದನ್ನ ಆಕೀಗೆ ನಾ ಹೆಂಗ ತಿಳಿಸಿ ಹೇಳ್ಲಿ?"

ಆ ವರ್ಷ ಅವಳಿಗೆ ಬಿ.ಪಿ.ಎಡ್. ಸೀಟು ಸಿಗಲಿಲ್ಲ. ಮುಂದಿನ ವರ್ಷವೂ ಸಿಗಲಿಲ್ಲ. ಸರ್ ಬಹಳ ಕಡೆ ತಿರುಗಾಡಿ ಕೇಳಿದರು, ಪದಕವಿಲ್ಲದೆ ಯಾರೂ ಮಾತು ಮುಂದುವರಿಸಲಿಲ್ಲ. ಈಗ ಅವಳು ಹುಬ್ಬಳ್ಳಿಯ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವ್ವನ ಬಿ.ಪಿ. ಗುಳಿಗೆ ತರಲು ಹೋದಾಗ ಸಿಗುತ್ತಾಳೆ, ಮಾತಾಡುತ್ತಾಳೆ, ನಗುತ್ತಾಳೆ. ಓಟದ ಮಾತು ಅವಳೂ ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ.

ಆದರೆ ಅದೇ ರಮ್ಜಾನ್ ಮುಗಿಯುವ ಮೊದಲು ಅವಳು ಒಮ್ಮೆ ಮೈದಾನಕ್ಕೆ ಬಂದಳು. ಕಾಲೇಜಿನ ಬೂಟು, ಟ್ರ್ಯಾಕ್‌ಸೂಟು ಮರಳಿ ಕೊಡಲು ಬಂದಿದ್ದಳು. ಒಗೆದು ಇಸ್ತ್ರಿ ಮಾಡಿದ್ದಳು. ಇನ್ನೊಂದು ಕೈಯಲ್ಲಿ ಮೂರು ಅಂತಸ್ತಿನ ದೊಡ್ಡ ಊಟದ ಡಬ್ಬಿಯಿತ್ತು. ನಾವು ಮೂವರೂ ಅಭ್ಯಾಸ ನಿಲ್ಲಿಸಿ ಎದುರು ನಿಂತೆವು. ಬಿಸಿಲು ಆಗಲೇ ಏರಿತ್ತು. ಈಗ ಕೂಗಾಡುತ್ತಾಳೆ, ಈಗ ನಮ್ಮ ಮುಖಕ್ಕೆ ಏನಾದರೂ ಒಗೆಯುತ್ತಾಳೆ ಎಂದು ನಾನು ಭುಜ ಕುಗ್ಗಿಸಿ ನಿಂತಿದ್ದೆ.

ಅವಳು ಬೂಟು ಕೆಳಗಿಟ್ಟಳು. ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಒಂದರಲ್ಲಿ ಚಪಾತಿ, ಒಂದರಲ್ಲಿ ತತ್ತಿಯ ಪಲ್ಯ, ಕೆಳಗಿನದರಲ್ಲಿ ಬಿಸಿ ಅನ್ನ. ವಾಸನೆಗೆ ನನ್ನ ಬಾಯಲ್ಲಿ ನೀರೂರಿತು.

"ಕುಂದರ್ರಿ," ಎಂದಳು. ಕೂತೆವು.

"ಉಣ್ರಿ."

"ನೀ ರೋಜಾ ಇದ್ದೀ," ಎಂದಳು ಮೂರನೆಯವಳು.

"ಹೌದು ಇದ್ದೇನಿ. ಅದಕ್ಕ ಉಣ್ರಿ. ನನ್ನ ಮುಂದ, ನನ್ನ ಮುಖಾ ನೋಡ್ಕೋತ ಉಣ್ರಿ."

ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಒಂದನೆಯವಳು ಅಳತೊಡಗಿದಳು, ಅವಳು ಅದಕ್ಕೂ ಕರಗಲಿಲ್ಲ. ಚಪಾತಿ ಮುರಿದು ಬಾಯಿಗಿಟ್ಟೆ. ಖಾರ ಹದವಾಗಿತ್ತು, ರುಚಿಯಾಗಿತ್ತು. ಅಗಿದು ನುಂಗಿ ಇನ್ನೊಂದು ತುತ್ತು ಮುರಿದೆ. ಅವಳು ನಮ್ಮ ಎದುರಿಗೆ ಮೊಣಕಾಲು ಅಪ್ಪಿಕೊಂಡು ಕೂತು ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಿದ್ದಳು. ಡಬ್ಬಿ ಖಾಲಿಯಾಗುವ ತನಕ ಎದ್ದು ಹೋಗಲಿಲ್ಲ.